ಬರಿಮನೆಯ ಮಿಡಿತ

ನಮ್ಮೂರಿನಲ್ಲಿ ಸಂಬಂಧ ಕೂಡಿಸಲು ಬಂದವರು ಮೊದಲು ನೋಡುವುದು ಹೆಣ್ಣನ್ನೂ ಅಲ್ಲ, ಗಂಡನ್ನೂ ಅಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, ನಡುಮನೆಯ ಗೋಡೆಯಲ್ಲಿರುವ ಕಿವಿಯ ಮುಂದೆ ಒಂದಷ್ಟು ಹೊತ್ತು ನಿಲ್ಲುತ್ತಾರೆ. ಆ ಹಿತ್ತಾಳೆಯ ಪೆಟ್ಟಿಗೆ ಅಪರೂಪಕ್ಕೊಮ್ಮೆ ಟಕ್ ಎಂದು ಸುಮ್ಮನಾದರೆ ಅವರ ಮುಖ ಸಡಿಲವಾಗುತ್ತದೆ, ನೀರು ಗಂಟಲಿಗೆ ಇಳಿಯುತ್ತದೆ. ಅದೇ ಬೇಗಬೇಗ ಟಕ್ ಟಕ್ ಎಂದಿತೋ, ಲೋಟ ಕೆಳಗಿಟ್ಟು “ಬಸ್ಸಿಗೆ ಹೊತ್ತಾಯ್ತು” ಎಂದು ಎದ್ದುಬಿಡುತ್ತಾರೆ. ಆ ಹೊತ್ತಿನಲ್ಲಿ ನಮ್ಮೂರಿಗೆ ಬಸ್ಸೇ ಇಲ್ಲ.

ನನ್ನ ಮದುವೆ ತಪ್ಪಿದ್ದೂ ಹಾಗೆಯೇ. ನಮ್ಮ ಮನೆಯ ಕಿವಿ ಮೊದಲಿನಿಂದಲೂ ತುಸು ಬಾಯಾಳಿ. ನನ್ನ ಹೆಸರು ಪಾಪಣ್ಣ, ಕಸುಬು ಟೈಲರ್, ಸ್ವಭಾವ ಪುಕ್ಕಲು. ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲನ್ನು ಹಿಂದಕ್ಕೆಳೆದುಕೊಳ್ಳುವವನು ನಾನು. ನನ್ನ ಅಕ್ಕ ಚನ್ನಾಜಮ್ಮ ಇದಕ್ಕೆ ತದ್ವಿರುದ್ಧ. ಅಪ್ಪ ಅಮ್ಮ ಬೇಗ ಹೋದ ಮೇಲೆ ಕೋಡುಬಳೆ ಕರಿದು ಮಾರಿ ನನ್ನನ್ನು ಸಾಕಿದವಳು ಅವಳು, ತಾನು ಮದುವೆಯ ಮಾತೇ ಎತ್ತದೆ. “ಹೆದರೋದಕ್ಕೂ ಒಂದು ಹೊತ್ತು ಅಂತ ಇರ್ಬೇಕು ಕಣೋ ಪಾಪು, ನೀನು ಮೂರು ಹೊತ್ತೂ ಹೆದರ್ತೀಯ” ಎನ್ನುತ್ತಿದ್ದಳು. ಈಗ ಹೇಳಹೊರಟಿರುವುದು ನಾನು ಹೆದರಿದ್ದು ಸರಿಯಾಗಿದ್ದ ಒಂದು ಸಲದ ಮಾತು.

ಬೇರೆ ಊರುಗಳಲ್ಲಿ ಮನೆದೇವರಿರುವಂತೆ ನಮ್ಮಲ್ಲಿ ಮನೆಗೊಂದು ಕುಬ್ಜ ಗೆಲಾಕ್ಸಿ. ಆಕಾಶದ ಯಾವುದೋ ಮೂಲೆಯಲ್ಲಿ ಒಂದು ಹಿಡಿ ಬಡಪಾಯಿ ನಕ್ಷತ್ರಗಳನ್ನಿಟ್ಟುಕೊಂಡು ಮಂಕಾಗಿ ಕೂತಿರುವ ಪುಟ್ಟ ಗೆಲಾಕ್ಸಿ. ಕಣ್ಣಿಗೆ ಕಾಣುವುದಿಲ್ಲ. ಆದರೂ ಮಗು ಹುಟ್ಟಿದರೆ ಅದಿರುವ ದಿಕ್ಕಿಗೆ ಎತ್ತಿ ತೋರಿಸುತ್ತೇವೆ, ಯಾರಾದರೂ ಸತ್ತರೆ ಆ ದಿಕ್ಕಿಗೆ ತಲೆ ಮಾಡಿ ಮಲಗಿಸುತ್ತೇವೆ. ಅಷ್ಟು ಕಡಿಮೆ ನಕ್ಷತ್ರಗಳು ಚೆದುರಿಹೋಗದಂತೆ ಕಾಣದ ದ್ರವ್ಯವೊಂದು ಅವನ್ನು ಹಿಡಿದಿಟ್ಟಿದೆ, ಆ ದ್ರವ್ಯದ ಎರಡು ಕಣ ಎದುರುಬದುರಾದರೆ ಎರಡೂ ಅಳಿದು ಗಾಮಾ ಕಿರಣ ಹೊರಡುತ್ತದೆ, ಆ ಕಿರಣ ಬಂದು ತಾಕಿದರೆ ಆ ದಿಕ್ಕಿಗೆ ತಿರುಗಿಸಿಟ್ಟ ಕಿವಿ ಮಿಡಿಯುತ್ತದೆ. ಇಷ್ಟನ್ನು ನಾವೆಲ್ಲ ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿದವರು. ನಕ್ಷತ್ರ ತುಂಬಿದ ದೊಡ್ಡ ಗೆಲಾಕ್ಸಿಗಳನ್ನು ಬಿಟ್ಟು ಈ ಬಡವರನ್ನೇ ಯಾಕೆ ಕೇಳಬೇಕು ಎಂದು ನಾನೊಮ್ಮೆ ಶಾಲೆಯಲ್ಲಿ ಕೇಳಿದ್ದೆ. “ಸಂತೇಲಿ ನಿಂತ್ಕೊಂಡು ಪಿಸುಮಾತು ಕೇಳಿಸ್ಕೊಳ್ತೀಯೇನೋ? ಗದ್ದಲ ಇಲ್ದಿರೋ ಮನೆ ಬಾಗ್ಲಲ್ಲೇ ಕಿವಿ ಇಡ್ಬೇಕು” ಎಂದು ಮೇಷ್ಟ್ರು ಬೆನ್ನಿಗೊಂದು ಗುದ್ದು ಕೊಟ್ಟು ಕೂರಿಸಿದರು.

ಆದರೆ ಕಿವಿ ಮಿಡಿಯುವುದು ಅದೊಂದಕ್ಕೇ ಅಲ್ಲ. ಕಲ್ಲಿಗೂ ಮಣ್ಣಿಗೂ ಅಷ್ಟಿಷ್ಟು ಮಿಡಿಯುತ್ತದೆ. ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ಗೆ, ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ಮುಳ್ಳಿನ ಹಳೇ ಗಡಿಯಾರಕ್ಕೆ, ಕಡಲ ದಂಡೆಯ ಕಪ್ಪು ಮರಳಿಗೆ ಇನ್ನೂ ಜೋರಾಗಿ ಮಿಡಿಯುತ್ತದೆ. ಅದಕ್ಕೆಂದೇ ಊರ ನಡುವೆ ಬರಿಮನೆ ಇದೆ. ಕಲ್ಲು, ಮಣ್ಣು, ಹೆಂಚು ಎಲ್ಲ ನಮ್ಮ ಮನೆಗಳದ್ದೇ, ಆದರೆ ಒಳಗೆ ಏನೂ ಇಲ್ಲ, ಯಾರೂ ಕಾಲಿಡುವಂತಿಲ್ಲ. ಅದರ ಹೊರಗೋಡೆಗೂ ಒಂದು ಕಿವಿ, ಯಾವ ಗೆಲಾಕ್ಸಿಯ ಕಡೆಗೂ ತಿರುಗದ ಕಿವಿ. ನಮ್ಮ ಮನೆಯ ಮಿಡಿತದಲ್ಲಿ ಬರಿಮನೆಯ ಮಿಡಿತವನ್ನು ಕಳೆದು ಏನಾದರೂ ಉಳಿದರೆ ಅದು ಆಕಾಶದ್ದಿರಬಹುದು. ಹಾಗೆ ಉಳಿಯಲಿ ಎಂದೇ ಊರು ತಲೆಮಾರುಗಳಿಂದ ಹುಡುಕುತ್ತಿದೆ, ನಮ್ಮ ಮನೆಯಲ್ಲಿ ಮಾತ್ರ ಉಳಿಯದಿರಲಿ ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಹರಕೆ ಹೊರುತ್ತೇವೆ.

ಯಾಕೆಂದರೆ ಉಳಿದ ಮನೆಗೆ ಕಳೆಯುವವರು ಬರುತ್ತಾರೆ. ಉಳಿದದ್ದು ಆಕಾಶದ್ದೋ ಮನೆಯದ್ದೋ ಎಂದು ತಿಳಿಯಲು ಮನೆಯಿಂದ ಒಂದೊಂದನ್ನೇ ತೆಗೆದು ಹೊಳೆಯಾಚೆ ಸಾಗಿಸುತ್ತಾರೆ. ಮೊದಲು ಪಾತ್ರೆ ಪಡಗ, ಆಮೇಲೆ ಮಂಚ, ಒರಳುಕಲ್ಲು, ಆಮೇಲೆ ದನ, ಆಮೇಲೆ ಮನುಷ್ಯರು, ಒಬ್ಬೊಬ್ಬರಾಗಿ. ಯಾವುದನ್ನು ದಾಟಿಸಿದಾಗ ಲೆಕ್ಕ ಸೊನ್ನೆಗೆ ಬರುತ್ತದೋ ಅದು ಅಲ್ಲೇ ಉಳಿಯಬೇಕು. ಮಂಚವಾದರೂ ಅಷ್ಟೇ, ಮಗಳಾದರೂ ಅಷ್ಟೇ. ಕಳೆದದ್ದನ್ನು ಮತ್ತೆ ಕೂಡಿಸುವಂತಿಲ್ಲ. ಆಚೆ ದಡದಲ್ಲಿ ಬೆಳಿಗ್ಗೆ ಹೊತ್ತು ಒಲೆಯ ಹೊಗೆ ಏಳುತ್ತದೆ. ಅದನ್ನು ನೋಡಬಾರದೆಂದು ಹೊಳೆಯ ಕಡೆಗಿದ್ದ ಕಿಟಕಿಗಳನ್ನೆಲ್ಲ ನಾವು ಇಟ್ಟಿಗೆಯಿಟ್ಟು ಮುಚ್ಚಿಸಿಕೊಂಡಿದ್ದೇವೆ. ಬೇಸಿಗೆಯಲ್ಲಿ ಸೆಕೆ ತಡೆಯಲಾಗುವುದಿಲ್ಲ, ಆದರೂ ಯಾರೂ ಒಡೆಸಿಲ್ಲ.

ಕಳೆಯುವವರ ಯಜಮಾನರು ಮರಿಸಿದ್ದಪ್ಪನವರು. ಅವರ ಎದುರು ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಅವರ ಮನೆಯಲ್ಲೇ ಮಿಡಿತ ಉಳಿದು, ಒಂದೊಂದಾಗಿ ಎಲ್ಲ ತೆಗೆದು, ಕೊನೆಗೆ ಮದುವೆಯಾಗಿ ವರ್ಷ ತುಂಬದ ಹೆಂಡತಿ ಗೌರಮ್ಮಣ್ಣಿಯನ್ನು ಅವರೇ ಕೈ ಹಿಡಿದು ಹೊಳೆ ದಾಟಿಸಿದ್ದರು. ಅವತ್ತು ಸಾಯಂಕಾಲ ಲೆಕ್ಕ ಸೊನ್ನೆಗೆ ಬಂತು. ಅವರು ಹಿಂದಿರುಗಿ ಬಂದು ಒಬ್ಬರೇ ಅನ್ನ ಮಾಡಿಕೊಂಡು ಉಂಡರಂತೆ. ಹೆಂಡತಿಯನ್ನೇ ಕಳೆದವರ ಮುಂದೆ ನಮ್ಮದೇನು ಗೋಳು ಎಂದು ಊರು ಸುಮ್ಮನಾಯಿತು.

ಹೀಗಿರುವಾಗ ಅಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ದೂರದ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಪರೇಷನ್ ಆಯಿತು, ಅದರ ಮೇಲೆ ಒಂದು ಔಷಧಿ ಕುಡಿಸಬೇಕು ಎಂದರು. ಆ ಔಷಧಿಯನ್ನು ಸೀಸದ ಡಬ್ಬಿಯಲ್ಲಿಟ್ಟು ತಂದರು, ಇಕ್ಕಳದಲ್ಲಿ ಹಿಡಿದು ಕೊಟ್ಟರು. ಕೊಟ್ಟವರು ತಾವು ಮಾತ್ರ ದೂರ ಸರಿದು ನಿಂತರು. ಮನೆಗೆ ಕಳಿಸುವ ದಿನ ಡಾಕ್ಟರು ನಗುನಗುತ್ತಾ, “ಇನ್ನೊಂದಷ್ಟು ವಾರ ಮಕ್ಕಳನ್ನ ಎತ್ಕೋಬೇಡಿ, ಬಸುರಿಯರ ಪಕ್ಕ ಕೂತ್ಕೋಬೇಡಿ. ಮೈಯಿಂದ ಸ್ವಲ್ಪ ಕಿರಣ ಬರ್ತಿರುತ್ತೆ. ತಾನಾಗೇ ಕಡಿಮೆ ಆಗುತ್ತೆ” ಎಂದರು.

“ಎಂಥ ಕಿರಣ ಸಾರ್?” ಎಂದೆ.

“ಗಾಮಾ” ಎಂದರು ಅವರು. ಅವರು ನಮ್ಮೂರಿನವರಲ್ಲ, ಅವರಿಗೇನು ಗೊತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

ಅಕ್ಕ ಹೊಸ್ತಿಲು ದಾಟಿದ್ದೇ ತಡ, ನಡುಮನೆಯ ಕಿವಿ ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯತೊಡಗಿತು. ಹುಟ್ಟಿದಾಗಿನಿಂದ ಕೇಳಿದ ಕಿವಿ, ಅದು ಹಾಗೆ ಮಿಡಿದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೈಚೀಲ ಬಿಟ್ಟು ಓಡಿಹೋಗಿ ಎರಡೂ ಕೈಯಿಂದ ಅದರ ಬಾಯಿ ಮುಚ್ಚಿದೆ. ಬೆರಳ ಸಂದಿಯಿಂದ ಇನ್ನೂ ಜೋರಾಗಿ ಬಂದಂತೆ ಅನ್ನಿಸಿತು.

“ಯಾರಿಗೋ ಒಗ್ಗರಣೆ ಹಾಕ್ತಿದೆ ಕಣೋ” ಎಂದು ಅಕ್ಕ ನಕ್ಕಳು. ನಾನು ನಗಲಿಲ್ಲ. ಅವಳೂ ಒಂದು ಗಳಿಗೆ ಬಿಟ್ಟು ನಗುವುದನ್ನು ನಿಲ್ಲಿಸಿದಳು.

ಹಳೇ ಕೌದಿ ಹರಿದು ಕಿವಿಗೆ ಸುತ್ತಿದೆ, ದಿಂಬಿನ ಹತ್ತಿ ತುರುಕಿದೆ. ಅಕ್ಕನನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಕೂರಿಸಿದೆ. ಏನು ಮಾಡಿದರೂ ಸದ್ದು ಬೀದಿಗೆ ಹೋಗುತ್ತಿತ್ತು. ಆಮೇಲೆ ಹೊಲಿಗೆ ಮೆಷಿನ್ನನ್ನೇ ನಡುಮನೆಗೆ ಎಳೆದು ತಂದು ಬೆಳಗಿನಿಂದ ಸಂಜೆಯವರೆಗೆ ತುಳಿಯತೊಡಗಿದೆ. ಬಟ್ಟೆಯಿಲ್ಲ, ದಾರವಿಲ್ಲ, ಬರೀ ತುಳಿಯುವುದು. ಮೂರನೆಯ ದಿನಕ್ಕೆ ಎದುರುಮನೆಯ ಸಾಕಮ್ಮ ಜಗುಲಿಯಲ್ಲಿ ಬಂದು ನಿಂತಳು. ಒಬ್ಬರ ಮನೆಯ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುವ ಹೆಂಗಸು ಎಂದು ನನಗೆ ಅವಳನ್ನು ಕಂಡರೆ ಮೊದಲಿನಿಂದಲೂ ಆಗದು.

“ಏನ್ ಪಾಪಣ್ಣ, ಯಾರ ಮನೆ ಮದುವೆ ಬಟ್ಟೆ? ಬಿಡುವೇ ಇಲ್ದಂಗೆ ಹೊಲೀತಿದೀಯ.”

“ಸ್ಕೂಲ್ ಯೂನಿಫಾರಂ ಸಾಕಮ್ಮನೋರೇ” ಎಂದೆ.

“ಬೇಸ್ಗೆ ರಜದಲ್ಲಾ?” ಎಂದಳು. ಒಳಗೆ ಇಣುಕಿದಳು. ಬಟ್ಟೆಯಿಲ್ಲದ ಸೂಜಿ ಮೇಲೆ ಕೆಳಗೆ ಆಡುವುದನ್ನು ನೋಡಿದಳು. ಏನೂ ಅನ್ನದೆ ಸೆರಗು ಹೊದ್ದು ಹೊರಟುಹೋದಳು. ಅವಳು ಬೈದುಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ಬೆಳಿಗ್ಗೆ ಮರಿಸಿದ್ದಪ್ಪನವರು ಬಂದರು. ವಯಸ್ಸಾಗಿದ್ದರೂ ನೆಟ್ಟಗಿನ ಮೈ, ಒಗೆದು ಒಗೆದು ತೆಳುವಾದ ಬಿಳಿ ಅಂಗಿ. ಆ ಅಂಗಿ ಹೊಲಿದವನು ನಾನೇ. ಅವರು ಕಿವಿಗೆ ಸುತ್ತಿದ್ದ ಕೌದಿಯನ್ನು ನೋಡಿದರು, ಬಿಚ್ಚಲಿಲ್ಲ.

“ಪಾಪಣ್ಣ, ನಾಳೆ ಮಧ್ಯಾಹ್ನ ನಿಮ್ಮನೆ ಅಳೀತೀವಿ.”

“ಯಜಮಾನ್ರೇ, ಅದು ಔಷಧಿ. ಅಕ್ಕಂಗೆ ಆಸ್ಪತ್ರೇಲಿ ಕುಡಿಸಿದಾರೆ. ಕೆಲವು ವಾರ ಅಷ್ಟೇ, ತಾನಾಗೇ ಹೋಗುತ್ತಂತೆ. ಡಾಕ್ಟರನ್ನ ಬೇಕಾದ್ರೆ ಕೇಳಿ...”

“ಕಾರಣ ಕೇಳೋದು ನಮ್ಮ ಕೆಲ್ಸ ಅಲ್ಲಪ್ಪ” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನಷ್ಟು ಭಯ ಹುಟ್ಟಿಸಿದ್ದು. “ಒಬ್ರ ಕಾರಣ ಕೇಳಿದ್ರೆ ಎಲ್ರುದ್ದೂ ಕೇಳ್ಬೇಕಾಗುತ್ತೆ. ಗೌರೀನೂ ಒಂದು ಕಾರಣ ಹೇಳಿದ್ಲು.”

ಅಕ್ಕ ಹಿತ್ತಿಲಿನಿಂದ ಬಂದು ತಟ್ಟೆಯಲ್ಲಿ ಕೋಡುಬಳೆ ಇಟ್ಟಳು. ಅವಳು ಹತ್ತಿರ ಬಂದಂತೆ ಕೌದಿಯೊಳಗಿನ ಕಿವಿ ಉಸಿರುಗಟ್ಟಿದವರ ಹಾಗೆ ಬಡಿದುಕೊಂಡಿತು. ಮರಿಸಿದ್ದಪ್ಪ ತಟ್ಟೆಯನ್ನು ಮುಟ್ಟಲಿಲ್ಲ. ಅಕ್ಕನ ಮುಖವನ್ನೂ ನೋಡಲಿಲ್ಲ. ಅಕ್ಕ ಮಾತ್ರ ಅವರನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಅದು ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಅವರು ಹೋದ ಮೇಲೆ ನಾನು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮೆಷಿನ್ನಿನ ಹಲಗೆಯ ಮೇಲೆ ತಲೆಯಿಟ್ಟು ಅತ್ತೆ. ಅಕ್ಕನನ್ನು ದಾಟಿಸಿದರೆ ಲೆಕ್ಕ ಇಳಿಯುವುದು ಖಂಡಿತ. ಆಮೇಲೆ ಔಷಧಿ ಕರಗಿ ಅವಳ ಮೈ ಕಲ್ಲಿನ ಹಾಗೆ ತಣ್ಣಗಾದರೂ ಅವಳು ಈಚೆ ಬರುವಂತಿಲ್ಲ. ಅವಳಿಲ್ಲದ ಮನೆಯಲ್ಲಿ ನಾನು ಒಂದು ದಿನವೂ ಇದ್ದವನಲ್ಲ.

ಟೈಲರನ ಬುದ್ಧಿ ಹೊಲಿಗೆಯ ಕಡೆಗೇ ಓಡುತ್ತದೆ. ಅಂಗಿಯ ಒಂದು ತೋಳು ಉದ್ದವಾಯಿತೆಂದರೆ ಅದನ್ನು ಕತ್ತರಿಸುವುದು ಒಂದು ದಾರಿ. ಬಟ್ಟೆಯಿದ್ದರೆ ಇನ್ನೊಂದು ತೋಳನ್ನೂ ಅಷ್ಟೇ ಉದ್ದ ಮಾಡಿಬಿಡುವುದು ಇನ್ನೊಂದು ದಾರಿ, ಗಿರಾಕಿಗೆ ಗೊತ್ತಾಗುವುದಿಲ್ಲ. ಮನೆಯ ಮಿಡಿತವನ್ನು ಇಳಿಸಲಾಗದಿದ್ದರೆ ಬರಿಮನೆಯ ಮಿಡಿತವನ್ನು ಏರಿಸಿದರಾಯಿತು. ಅಳೆಯುವ ಹೊತ್ತಿಗೆ ಅಕ್ಕ ಬರಿಮನೆಯಲ್ಲಿ ಕೂತಿದ್ದರೆ ನಮ್ಮ ಮನೆ ಸೊನ್ನೆ. ಅಕ್ಕನಿಗೆ ಹೇಳಿದೆ, ಅವಳು ಬೇಡವೆನ್ನಲಿಲ್ಲ. ಬರಿಮನೆಗೆ ಕಾಲಿಟ್ಟವರನ್ನು ಏನು ಮಾಡುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ, ಕಾಲಿಟ್ಟವರೇ ಇರಲಿಲ್ಲ. ಹಾಗೆಂದು ನಾನು ತಿಳಿದಿದ್ದೆ.

ಅಳೆಯುವ ದಿನ ಮಧ್ಯಾಹ್ನ ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗಿರಬೇಕೆಂಬ ನಿಯಮ. ಬಿಸಿಲು ಬೀದಿಯನ್ನು ಸುಡುತ್ತಿತ್ತು, ನಾಯಿ ಕೂಡ ಇರಲಿಲ್ಲ. ಅಕ್ಕ ಒಂದು ಡಬ್ಬಿಯಲ್ಲಿ ಕೋಡುಬಳೆ ತುಂಬಿ, ಬೀಸಣಿಗೆ ಹಿಡಿದು, ನೆಂಟರ ಮನೆಗೆ ಹೊರಟವಳ ಹಾಗೆ ನಡೆದಳು. ನಾನು ಅವಳ ಹಿಂದೆ ಗೋಡೆಗೆ ಒತ್ತಿಕೊಂಡು ನಡೆದೆ. ಬರಿಮನೆಯ ಹಿಂಬಾಗಿಲಿಗೆ ಅಗುಳಿ ಮಾತ್ರ ಇತ್ತು, ಬೀಗವಿರಲಿಲ್ಲ. ನಮ್ಮೂರಿನಲ್ಲಿ ಭಯವೇ ಬೀಗ.

ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಕಂಡಿತು. ಬರಿಮನೆ ಬರಿದಾಗಿರಲಿಲ್ಲ. ಪಕ್ಕದ ಓಣಿಯ ಕಡೆಗಿದ್ದ ಸಣ್ಣ ಕಿಟಕಿಯ ಕೆಳಗೆ ನನ್ನ ಎದೆಮಟ್ಟದ ಗುಡ್ಡೆ. ಮ್ಯಾಂಟಲ್ ಪೊಟ್ಟಣಗಳು, ಒಡೆದ ಗಡಿಯಾರಗಳು, ಬಟ್ಟೆಯಲ್ಲಿ ಗಂಟು ಕಟ್ಟಿದ ಕಪ್ಪು ಮರಳು, ಹಳದಿಹಸಿರು ಬಣ್ಣದ ಹಳೇ ಗಾಜಿನ ಬಟ್ಟಲು. ಕೆಳಗಿನವು ಧೂಳಾಗಿದ್ದವು, ಮೇಲಿನವು ಹೊಸದಾಗಿದ್ದವು. ಕಿವಿ ಮಿಡಿಸುವ ಪ್ರತಿಯೊಂದು ವಸ್ತುವನ್ನೂ ಹೊಳೆಗೆ ಎಸೆದೆವು ಎಂದು ಪ್ರಮಾಣ ಮಾಡಿದ್ದ ಊರು ಅದನ್ನೆಲ್ಲ ಈ ಕಿಟಕಿಯಿಂದ ಇಲ್ಲಿಗೆ ಎಸೆದಿತ್ತು. ನನಗೆ ನಿನ್ನೆ ಬಂದ ಬುದ್ಧಿ ಎಲ್ಲರಿಗೂ ಯಾವತ್ತೋ ಬಂದಿತ್ತು. ಮೇಲಿದ್ದ ಒಂದು ಪೊಟ್ಟಣವನ್ನು ಸುತ್ತಿದ್ದುದು ಸಾಕಮ್ಮನಿಗೆ ನಾನು ಹೊಲಿದ ರವಿಕೆಯ ಬಟ್ಟೆ.

ಅಕ್ಕ ಆಶ್ಚರ್ಯಪಡಲಿಲ್ಲ. ಗುಡ್ಡೆಯ ಒಂದು ಬದಿಯನ್ನು ಕೆದಕಿ ಒಂದು ಕೈಗಡಿಯಾರ ತೆಗೆದಳು. ಮುಳ್ಳುಗಳು ಇನ್ನೂ ಹಸಿರಾಗಿ ಮಿನುಗುತ್ತಿದ್ದವು.

“ಅಪ್ಪನ ಗಡಿಯಾರ!” ಎಂದೆ. “ಕಳೆದುಹೋಯ್ತು ಅಂದಿದ್ಯಲ್ಲ?”

“ನೀನು ಚಿಕ್ಕೋನು. ನಮ್ಮನೆ ಕಿವಿ ಮಿಡೀತಿತ್ತು. ಮನೇಲಿ ಸಾಮಾನೆಲ್ಲ ತೆಗೆದಾಗಿತ್ತು, ಉಳಿದಿದ್ದು ನಾವಿಬ್ರೇ. ನಾಳೆ ಹುಡುಗನ್ನ ದಾಟಿಸ್ತೀವಿ ಅಂತ ಹೇಳಿ ಹೋಗಿದ್ರು. ನಾನು ಅಡಗಿಸಿಟ್ಟಿದ್ದ ಇದನ್ನ ತಂದು ಆ ಕಿಟಕಿಯಿಂದ ಎಸೆದೆ. ಬರಿಮನೆ ಮಿಡಿತ ಏರ್ತು, ನಮ್ಮನೇದು ಸೊನ್ನೆ ಆಯ್ತು. ನೀನು ಉಳಿದೆ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು.

“ಪೂರ್ತಿ ಕೇಳು. ಬರಿಮನೆ ಏರಿದ್ರೆ ನಮ್ಮನೆ ಒಂದೇ ಅಲ್ವಲ್ಲ, ಎಲ್ರ ಮನೆ ಲೆಕ್ಕಾನೂ ಇಳಿಯುತ್ತೆ. ಅವತ್ತೇ ಬೆಳಿಗ್ಗೆ ಗೌರಮ್ಮಣ್ಣೀನ ದಾಟಿಸಿದ್ರು. ನಾನು ಮಧ್ಯಾಹ್ನ ಇದನ್ನ ಎಸೆದೆ. ಸಾಯಂಕಾಲ ಅವರ ಮನೆ ಸೊನ್ನೆ ಬಂತು. ಅವಳು ಹೋಗಿದ್ದಕ್ಕೇ ಬಂತು ಅಂದ್ಕೊಂಡ್ರು.” ಅಕ್ಕ ಗಡಿಯಾರವನ್ನು ಸೆರಗಿನಲ್ಲಿ ಒರೆಸಿದಳು. “ನಿನ್ನ ಬಿಟ್ಟುಕೊಡಕ್ಕಾಗ್ದೆ ಸುಮ್ನಿದ್ದೆ. ಇವತ್ತಿನವರೆಗೂ ಸುಮ್ನಿದೀನಿ.”

ಅಷ್ಟು ವರ್ಷ ನಾನು ತಿಂದ ಅನ್ನವೆಲ್ಲ ಗೌರಮ್ಮಣ್ಣಿಯ ಪಾಲಿನದ್ದು ಅನ್ನಿಸಿತು. ಅವಳೇ ನನ್ನನ್ನು ಬಾಗಿಲ ಕಡೆಗೆ ನೂಕಿದಳು. “ಹೋಗು, ಅವರು ಬರೋ ಹೊತ್ತಾಯ್ತು. ಮುಖ ತೊಳ್ಕೊ.”

ಮರಿಸಿದ್ದಪ್ಪನವರು ಬಂದು ಕೌ‌ದಿ ಬಿಚ್ಚಿಸಿದರು. ಕಿವಿ ಎಂದಿನಂತೆ ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತಿತ್ತು. ಅಕ್ಕ ಎಲ್ಲಿ ಎಂದು ಅವರು ಕೇಳಿದರು, ಹಿತ್ತಿಲಲ್ಲಿ ಮಲಗಿದ್ದಾಳೆ ಎಂದೆ. ಅವರು ಎಣಿಸುತ್ತಾ ಕೂತರು. ನಾನು ಗೋಡೆಗೊರಗಿ ನನ್ನ ಎದೆಬಡಿತ ಅವರ ಎಣಿಕೆಗೆ ಸೇರಿಬಿಟ್ಟರೆ ಏನು ಗತಿ ಎಂದು ಉಸಿರು ಹಿಡಿದಿದ್ದೆ. ಅಷ್ಟರಲ್ಲಿ ಬರಿಮನೆಯ ಕಿವಿಯ ಹತ್ತಿರ ನಿಲ್ಲಿಸಿದ್ದ ಅವರ ಕಡೆಯವರು ಓಡಿಬಂದರು. ಅವರ ಮುಖ ಬಿಳಿಚಿಕೊಂಡಿತ್ತು.

“ಯಜಮಾನ್ರೇ, ಬರಿಮನೆ ಹುಚ್ಚು ಹಿಡಿದಂಗೆ ಮಿಡೀತಿದೆ. ಎಣಿಸಕ್ಕೇ ಆಗ್ತಿಲ್ಲ. ಕಳೆದ್ರೆ ಸೊನ್ನೆಗಿಂತ ಕೆಳಗೆ ಹೋಗುತ್ತೆ.”

ಆಗ ನನ್ನ ತಪ್ಪು ನನಗೆ ತಿಳಿಯಿತು. ಎರಡನೆಯ ತೋಳನ್ನು ನಾನು ಮೊದಲನೆಯದಕ್ಕಿಂತ ಉದ್ದ ಮಾಡಿಬಿಟ್ಟಿದ್ದೆ. ಆ ಗುಡ್ಡೆ ಇದೆಯೆಂದು ನನಗೆ ಗೊತ್ತಿರಲಿಲ್ಲ, ಅದರ ಜೊತೆಗೆ ಅಕ್ಕನೂ ಸೇರಿದ್ದಳು. ಊರಿನ ಇತಿಹಾಸದಲ್ಲೇ ಮೊದಲ ಸಲ ಏನೂ ಇಲ್ಲದ ಮನೆ, ಮನುಷ್ಯರಿರುವ ಮನೆಗಿಂತ ಜೋರಾಗಿ ಮಿಡಿದಿತ್ತು.

“ಬರಿಮನೆ ಬಾಗ್ಲು ತೆಗೀರಿ” ಎಂದರು ಮರಿಸಿದ್ದಪ್ಪ.

ಮುಂದೆ ಓಡಿ ಅಕ್ಕನನ್ನು ಎಬ್ಬಿಸಿ ಕಳಿಸಬೇಕಿತ್ತು. ಜನರ ಹಿಂದೆ ಜನರಂತೆ ನಡೆದುಕೊಂಡು ಹೋದೆ. ಸದ್ದು ಕೇಳಿ ಬಾಗಿಲುಗಳು ತೆರೆದವು, ಬೀದಿ ತುಂಬಿತು. ಮುಂಬಾಗಿಲು ತೆರೆದಾಗ ಅಕ್ಕ ಗುಡ್ಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಅವಳ ಕೆಳಗಿನ ಗುಡ್ಡೆಯನ್ನು ಕಂಡು ಇಡೀ ಬೀದಿ ಗಪ್‌ಚಿಪ್ಪಾಯಿತು. ಯಾರೂ ಇದೇನು ಎಂದು ಕೇಳಲಿಲ್ಲ. ಸಾಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡಸರು ತಮ್ಮ ತಮ್ಮ ಹೆಬ್ಬೆರಳು ನೋಡುತ್ತಾ ನಿಂತರು.

ಅಕ್ಕ ಇಳಿದು ಬಂದು ಗಡಿಯಾರವನ್ನು ಮರಿಸಿದ್ದಪ್ಪನವರ ಮುಂದೆ ಹಿಡಿದಳು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಾಯಿತು. “ಅಕ್ಕಾ, ಬೇಡ” ಎಂದೆ.

“ನಿಮ್ಮನೆ ಸೊನ್ನೆ ಬಂದಿದ್ದು ಗೌರಮ್ಮಣ್ಣಿ ಹೋಗಿದ್ದಕ್ಕಲ್ಲ, ಯಜಮಾನ್ರೇ. ಅವತ್ತು ಮಧ್ಯಾಹ್ನ ನಾನು ಇದನ್ನ ಇಲ್ಲಿ ಎಸೆದಿದ್ದಕ್ಕೆ. ಈ ನನ್ನ ತಮ್ಮನ್ನ ಉಳಿಸ್ಕೊಳ್ಳೋಕೆ.”

ಮರಿಸಿದ್ದಪ್ಪ ಗಡಿಯಾರವನ್ನು ತೆಗೆದುಕೊಂಡರು. ಅದನ್ನು ತಿರುಗಿಸಿ ನೋಡಿದರು. ಅವರು ಅಕ್ಕನನ್ನು ಹೊಡೆಯುತ್ತಾರೆಂದುಕೊಂಡೆ, ಕೂಗುತ್ತಾರೆಂದುಕೊಂಡೆ. ಅವರು ಆ ಗುಡ್ಡೆಯ ಕಡೆ ಕೈ ತೋರಿಸಿ, “ಇದನ್ನೆಲ್ಲ ಹೊಳೆಯಾಚೆ ಸಾಗ್ಸಿ. ಚನ್ನಾಜಮ್ಮನೂ ಹೋಗ್ಲಿ. ಬರಿಮನೆ ಬರಿದಾದ್ಮೇಲೆ ಎಲ್ರ ಮನೇನೂ ಅಳೀರಿ, ನಂದೂ ಸೇರಿಸಿ” ಎಂದರು.

ಅಕ್ಕ ದಾಟುವಾಗ ತಿರುಗಿ ನೋಡಲಿಲ್ಲ. ನಾನು ಈಚೆ ದಡದಲ್ಲಿ ಕುಕ್ಕರಿಸಿದೆ. ಹಿಂದಿನಿಂದ ಒಂದೊಂದೇ ಮನೆಯ ಲೆಕ್ಕ ಬರತೊಡಗಿತು. ಬರಿಮನೆ ನಿಜಕ್ಕೂ ತಣ್ಣಗಾಗಿತ್ತು, ಅದರೆದುರು ಪ್ರತಿ ಮನೆಯಲ್ಲೂ ಉಳಿಯುತ್ತಿತ್ತು. ಸಾಕಮ್ಮನ ಮನೆಯಲ್ಲಿ ಉಳಿಯಿತು. ಮೇಷ್ಟ್ರ ಮನೆಯಲ್ಲಿ ಉಳಿಯಿತು. ಅಕ್ಕನಿಲ್ಲದ ನಮ್ಮ ಮನೆಯಲ್ಲಿ ಉಳಿಯಿತು. ಮರಿಸಿದ್ದಪ್ಪನವರು ಮೂವತ್ತು ವರ್ಷ ಒಬ್ಬರೇ ಇದ್ದ ಮನೆಯಲ್ಲೂ ಉಳಿಯಿತು. ಪ್ರತಿ ಹೆಸರು ಕೇಳಿದಾಗಲೂ ಜನರ ನಡುವಿನಿಂದ ಒಂದು ನರಳಿಕೆ ಏಳುತ್ತಿತ್ತು. ತಾಯಂದಿರು ಮಕ್ಕಳನ್ನು ಅವಚಿಕೊಂಡರು, ಯಾರನ್ನು ಮೊದಲು ತೆಗೆಯುತ್ತಾರೋ ಎಂದು.

“ಒಬ್ಬೊಬ್ರನ್ನ ಕಳೆಯೋದು ಬೇಡ” ಎಂದರು ಮರಿಸಿದ್ದಪ್ಪ. “ಎಲ್ರೂ ದಾಟಿ. ದನ, ಕರು, ಕೋಳಿ ಎಲ್ಲ. ಒಂದೇ ಸಲ ಕಳೆದು ನೋಡೋಣ.”

ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಅಷ್ಟೇ ನೀರು. ಇಷ್ಟು ವರ್ಷ ಕಳೆಯುವವರು ದಾಟಿಸದೆ ಅದನ್ನು ಯಾರೂ ತಾವಾಗಿ ದಾಟಿ ನೋಡಿರಲಿಲ್ಲ. ಪಂಚೆ ಸೀರೆ ಎತ್ತಿ ಹಿಡಿದು, ಮುದುಕರನ್ನು ಹೊತ್ತು, ಊರಿಗೆ ಊರೇ ಇಳಿಬಿಸಿಲಿನಲ್ಲಿ ಆಚೆ ದಡದ ಮರಳಿಗೆ ಹತ್ತಿತು. ನಾನು ಅಕ್ಕನನ್ನು ಹುಡುಕಿ ಅವಳ ಪಕ್ಕ ಹೋಗಿ ನಿಂತೆ. ಎಲ್ಲರೂ ಊರಿನ ಕಡೆಗೆ ಮುಖ ಮಾಡಿದ್ದೆವು. ಬಾಗಿಲು ತೆರೆದ ಮನೆಗಳು, ಒಂದು ನರಪಿಳ್ಳೆಯೂ ಇಲ್ಲ. ಸದ್ದಿಲ್ಲ. “ನಿಂತುಹೋಯ್ತು” ಎಂದು ಯಾರೋ ಪಿಸುಗುಟ್ಟಿದರು. ಹಾಗಾದರೆ ತಪ್ಪು ನಮ್ಮಲ್ಲೇ ಇತ್ತು, ನಾವು ಇನ್ನು ಹಿಂದಿರುಗುವಂತಿಲ್ಲ ಎಂದುಕೊಂಡೆ.

ಆಮೇಲೆ ಬೀಸುತ್ತಿದ್ದ ಗಾಳಿ ನಿಂತಿತು, ಆಗ ಕೇಳಿಸಿತು. ಒಂದೊಂದು ಕಿವಿಯ ಎಂದಿನ ಮಿಡಿತ ಬೀದಿಗೂ ಕೇಳಿಸುವಂಥದ್ದಲ್ಲ. ಎಲ್ಲ ಮನೆಯದೂ ಒಂದರ ಮೇಲೊಂದು ಬಿದ್ದು, ದೂರದಲ್ಲಿ ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಬರುತ್ತಿರುವಂತೆ, ಟಕ್ ಟಕ್ ಎಂದು ಹೊಳೆ ದಾಟಿ ಬಂತು. ಊರಿನಲ್ಲಿ ನಾವಿರಲಿಲ್ಲ. ಕಲ್ಲು ಮಣ್ಣಿನ ಪಾಲನ್ನು ಬರಿಮನೆ ಆಗಲೇ ಕಳೆದಿತ್ತು, ಅದರಾಚೆ ಮಿಡಿಸಬಹುದಾದದ್ದು ಅಲ್ಲಿ ಯಾವುದೂ ಇರಲಿಲ್ಲ. ತಲೆಮಾರುಗಳಿಂದ ಹುಡುಕಿದ್ದು ಸಿಕ್ಕಿತ್ತು, ಅದೂ ಪ್ರತಿ ಮನೆಗೆ ಅದರದರ ಪಾಲಿನಂತೆ, ಎಂದಿನಿಂದಲೂ. ಯಾರೂ ಕೇಕೆ ಹಾಕಲಿಲ್ಲ.

ಬೆನ್ನ ಹಿಂದೆ ಮರಳಿನ ಮೇಲೆ ಹೆಜ್ಜೆಯ ಸದ್ದಾಯಿತು. ತಿರುಗುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆ ದಡದ ಗುಡಿಸಲುಗಳಿಂದ ಅವರು ಬಂದಿದ್ದರು, ನಾವು ಕಳೆದವರು. ಬೈಯಲಿಲ್ಲ, ಮುಟ್ಟಲಿಲ್ಲ. ಬಂದು ನಮ್ಮ ನಡುವೆಯೇ ಸಂದಿ ಮಾಡಿಕೊಂಡು ನಿಂತು ಅವರೂ ಕೇಳತೊಡಗಿದರು. ತಲೆ ಬೆಳ್ಳಗಾದ, ಸಣಕಲು ಮೈಯ ಹೆಂಗಸೊಬ್ಬರು ನೇರವಾಗಿ ಮರಿಸಿದ್ದಪ್ಪನವರ ಪಕ್ಕಕ್ಕೆ ಹೋದರು. ಅವರು ಗೌರಮ್ಮಣ್ಣಿಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವರು ತಲೆ ಒಂದು ಕಡೆಗೆ ವಾಲಿಸಿ ಆ ಸದ್ದನ್ನು ಸಾವಧಾನವಾಗಿ ಕೇಳಿದರು, ಅನ್ನ ಬೆಂದಿತೋ ಇಲ್ಲವೋ ಎಂದು ಕೇಳುವವರ ಹಾಗೆ.

“ನಾನು ಇಲ್ಲೇ ಇದೀನಲ್ಲ” ಎಂದರು ಗಂಡನಿಗೆ. “ಅಲ್ಲಿ ಮಿಡೀತಿರೋದು ಯಾರು?”

ಮರಿಸಿದ್ದಪ್ಪನವರ ಮುಷ್ಟಿಯಲ್ಲಿ ಅಪ್ಪನ ಗಡಿಯಾರವಿತ್ತು. ಅಕ್ಕ ಅವರತ್ತ ಒಂದು ಹೆಜ್ಜೆ ಇಟ್ಟಳು, ನಾನು ಮೊದಲ ಸಲ ಅವಳನ್ನು ತಡೆಯಲಿಲ್ಲ, ಜೊತೆಗೆ ನಾನೂ ಒಂದು ಹೆಜ್ಜೆ ಇಟ್ಟೆ. ಹೊಳೆಯ ಕಡೆಗಿನ ಕಿಟಕಿ ಮುಚ್ಚಿಸಿಕೊಂಡಿದ್ದ ನಾವೆಲ್ಲ ಅವತ್ತು ಮರಳಿನ ಮೇಲೆ ತಲೆ ತಗ್ಗಿಸಿ ನಿಂತಿದ್ದೆವು. ಎದುರು ದಡದಲ್ಲಿ ನಮ್ಮ ಮನೆಗಳು, ಒಳಗೆ ಯಾರೂ ಇಲ್ಲದೆ, ಮಿಡಿಯುತ್ತಲೇ ಇದ್ದವು.